ಗೇಮ್ ಕಂಟ್ರೋಲರ್ ಕೊಳ್ಳುವ ಮುನ್ನ: ತೆಂಗಿನ ಸೀಮೆಯ ಮನೆಗಳಿಗೊಂದು ಕೈಪಿಡಿ

ಎರಡು ಕೈಯಲ್ಲಿ ಹಿಡಿದು, ಹೆಬ್ಬೆರಳಲ್ಲಿ ಸ್ಟಿಕ್ ತಿರುಗಿಸುತ್ತ, ತೋರುಬೆರಳಲ್ಲಿ ಟ್ರಿಗರ್ ಒತ್ತುತ್ತ ವಿಡಿಯೋ ಗೇಮ್ ಆಡುವ ಸಾಧನಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಜಾಯ್‌ಸ್ಟಿಕ್ ಎಂದರೂ, ಗೇಮ್‌ಪ್ಯಾಡ್ ಎಂದರೂ, ಗೇಮ್ ರಿಮೋಟು ಎಂದರೂ ಅಂಗಡಿಯವರು ತೆಗೆದು ತೋರಿಸುವುದು ಇದನ್ನೇ. ಬೆಲೆ ಸುಮಾರು ₹350ರಿಂದ ಶುರುವಾಗಿ ₹18,000 ದಾಟುತ್ತದೆ. ಇಷ್ಟು ಅಂತರ ಇರುವುದರಿಂದಲೇ ಜನ ಬೆಲೆ ನೋಡಿ ಆರಿಸಲು ಹೋಗುತ್ತಾರೆ, ಎಡವುವುದೂ ಅಲ್ಲೇ. ₹6,000 ಕೊಟ್ಟು ತಂದದ್ದು ಮನೆಯಲ್ಲಿರುವ ಯಂತ್ರಕ್ಕೆ ಹೊಂದದೆ ಮೂಲೆ ಸೇರಬಹುದು. ₹1,200ರದ್ದು ವರ್ಷಗಟ್ಟಲೆ ಬಾಳಬಹುದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಆಟಕ್ಕೆ ಒದಗುವುದು ಹೆಚ್ಚಾಗಿ ಆಂಡ್ರಾಯ್ಡ್ ಫೋನು. ಕಾಲೇಜಿಗೆ ಹೋಗುವವರಿದ್ದರೆ ಒಂದು ಲ್ಯಾಪ್‌ಟಾಪು, ಅದೂ ಬಹುಮಟ್ಟಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು. ನಡುಮನೆಯಲ್ಲಿ ಎಲ್‌ಇಡಿ ಟಿವಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನೋ ಮಾವನೋ ಕೊಟ್ಟ ಹಳೆಯ ಪಿಎಸ್4 ಅಲ್ಲೊಂದು ಇಲ್ಲೊಂದು. ಈ ಲೇಖನದಲ್ಲಿರುವುದು ಇಂಥ ಮನೆಗಳಿಗೆ ಒಪ್ಪುವ ಲೆಕ್ಕ.

ಫೋನಿನಲ್ಲಿ ಆಡುವವರಿಗೆ

“ಅಣ್ಣ, ಬಿಜಿಎಂಐ ಆಡಕ್ಕೆ ಒಂದು ಜಾಯ್‌ಸ್ಟಿಕ್ ಕೊಡಣ್ಣ” ಎಂದು ಕೇಳಿಕೊಂಡು ಬರುವ ಹುಡುಗನಿಗೆ ಪ್ರಾಮಾಣಿಕ ಅಂಗಡಿಯವರು ಹೇಳಬೇಕಾದ ಮಾತು ಒಂದೇ: ಬೇಡ ಕಣಪ್ಪ, ದುಡ್ಡು ಉಳಿಸಿಕೋ.

2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಮೇಲೆ ಕೇಂದ್ರ ಸರ್ಕಾರ ನಿಷೇಧ ಹಾಕಿತು. ಅದರ ಜಾಗಕ್ಕೆ 2021ರ ಜುಲೈನಲ್ಲಿ ಬಂದದ್ದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ. ಈ ಆಟ ಕಂಟ್ರೋಲರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಕಂಟ್ರೋಲರಿನ ಬಟನ್ ಒತ್ತಿದಾಗ ಪರದೆ ಮುಟ್ಟಿದಂತೆ ಫೋನನ್ನು ನಂಬಿಸುವ ಮ್ಯಾಪಿಂಗ್ ಆ್ಯಪ್‌ಗಳು ಇವೆ, ನಿಜ. ಅವುಗಳನ್ನು ಬಳಸಿ ಸಿಕ್ಕಿಬಿದ್ದರೆ ಖಾತೆಯೇ ರದ್ದಾಗುವ ಅಪಾಯ. ತಿಂಗಳುಗಟ್ಟಲೆ ಆಡಿ ಗಳಿಸಿದ ರ್‍ಯಾಂಕು, ದುಡ್ಡು ಹಾಕಿ ಕೊಂಡ ಸ್ಕಿನ್ನು ಎಲ್ಲ ಅದರ ಜೊತೆಗೇ ಹೋಗುತ್ತದೆ. ಪರದೆಯ ಮೇಲೆ ಬೆರಳಾಡಿಸುವುದಕ್ಕೆಂದೇ ಕಟ್ಟಿದ ಬೇರೆ ಅನೇಕ ಆಟಗಳದ್ದೂ ಇದೇ ಕಥೆ.

ಹಾಗೆಂದು ಫೋನಿಗೆ ಕಂಟ್ರೋಲರ್ ದಂಡ ಎಂದಲ್ಲ. ಕಾಲ್ ಆಫ್ ಡ್ಯೂಟಿ ಮೊಬೈಲ್ ಅದನ್ನು ಒಪ್ಪುತ್ತದೆ. ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರ ಜೊತೆಗೇ ಆಡಿಸುತ್ತದೆ, ಅದು ನ್ಯಾಯವೂ ಹೌದು. ಮೈನ್‌ಕ್ರಾಫ್ಟ್ ಒಪ್ಪುತ್ತದೆ, ಜಿಟಿಎ ಸ್ಯಾನ್ ಆಂಡ್ರಿಯಾಸ್‌ನ ಫೋನ್ ಆವೃತ್ತಿ ಒಪ್ಪುತ್ತದೆ. ಪಿಎಸ್‌ಪಿ ಕಾಲದ ಆಟಗಳನ್ನು ನಡೆಸುವ ಪಿಪಿಎಸ್‌ಎಸ್‌ಪಿಪಿ ಆ್ಯಪ್‌ಗಂತೂ ಕಂಟ್ರೋಲರ್ ಇದ್ದರೇ ಸೊಗಸು. ಹಾಗಾಗಿ ನೀವು ಹೆಚ್ಚು ಆಡುವ ಆಟದ ಸೆಟ್ಟಿಂಗ್ಸ್ ತೆರೆದು ಅಲ್ಲಿ ಕಂಟ್ರೋಲರ್ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಕೊಳ್ಳುವ ಮಾತನ್ನು ಅಲ್ಲಿಗೇ ಬಿಡಿ.

ತಂತಿಯ ಕಂಟ್ರೋಲರನ್ನು ಫೋನಿಗೆ ಚುಚ್ಚಲು ಒಟಿಜಿ ಸೌಲಭ್ಯ ಬೇಕು. ಒಪ್ಪೊ, ವಿವೋ, ರಿಯಲ್‌ಮಿಯ ಹಲವು ಫೋನುಗಳಲ್ಲಿ ಇದು ಮೊದಲಿಗೆ ಆಫ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಒಟಿಜಿ’ ಎಂದು ಹುಡುಕಿ ಆನ್ ಮಾಡಬೇಕು. ಹತ್ತು ನಿಮಿಷ ಏನೂ ಬಳಸದಿದ್ದರೆ ಅದು ತಾನಾಗಿ ಆಫ್ ಆಗುವುದೂ ಉಂಟು. ‘ಪೀಸ್ ಡಿಫೆಕ್ಟು’ ಎಂದು ವಾಪಸ್ಸು ಬರುವ ಎಷ್ಟೋ ಕಂಟ್ರೋಲರ್‌ಗಳ ರೋಗ ಇಷ್ಟೇ. ಫೋನನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ, ನಡುವೆ ಹಿಗ್ಗುವ ಕಂಟ್ರೋಲರ್ ಕೊಳ್ಳುವುದಾದರೆ ಫೋನಿನ ಕವರ್ ಹಾಕಿಯೇ ಕೂರುತ್ತದೆಯೇ, ಆಡುತ್ತಲೇ ಚಾರ್ಜ್ ಮಾಡಲು ತೂತು ಇದೆಯೇ ಎಂದು ವಿಚಾರಿಸಿಕೊಳ್ಳಿ.

ಲ್ಯಾಪ್‌ಟಾಪಿಗೆ: ಎರಡು ಭಾಷೆಗಳ ಜಗಳ

ವಿಂಡೋಸ್ ಕಂಪ್ಯೂಟರಿಗೆ ಕಂಟ್ರೋಲರ್ ಎರಡು ಬಗೆಯಲ್ಲಿ ಸುದ್ದಿ ಮುಟ್ಟಿಸುತ್ತದೆ. ಹಳೆಯದು ಡೈರೆಕ್ಟ್‌ಇನ್‌ಪುಟ್. ಹೊಸದು ಎಕ್ಸ್‌ಇನ್‌ಪುಟ್, 2005ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಜೊತೆಗೆ ತಂದದ್ದು. ಕಳೆದ ಹದಿನೈದು ವರ್ಷಗಳ ಹೆಚ್ಚಿನ ಪಿಸಿ ಆಟಗಳು ಎಕ್ಸ್‌ಇನ್‌ಪುಟ್ ನಿರೀಕ್ಷಿಸುತ್ತವೆ. ಅದಕ್ಕೂ ಹಿಂದಿನವು ಡೈರೆಕ್ಟ್‌ಇನ್‌ಪುಟ್ ಕೇಳುತ್ತವೆ.

ಕಂಪ್ಯೂಟರ್ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತೂಗುಹಾಕಿರುವ, ನಡುವೆ ‘ಅನಲಾಗ್’ ಎಂಬ ಬಟನ್ನೂ ಕೆಂಪು ದೀಪವೂ ಇರುವ ₹350–400ರ ಯುಎಸ್‌ಬಿ ಪ್ಯಾಡ್ ಹಳೆಯ ಬಗೆಯದು. ಅದನ್ನು ಚುಚ್ಚಿ ಹೊಸ ಫುಟ್‌ಬಾಲ್ ಆಟ ತೆರೆದರೆ ಆಟಗಾರ ಕದಲುವುದೇ ಇಲ್ಲ, ಇಲ್ಲವೇ ‘ಎ’ ಒತ್ತಿದರೆ ‘ಎಕ್ಸ್’ ಕೆಲಸ ಮಾಡುತ್ತದೆ. ಎಕ್ಸ್360ಸಿಇ ಎಂಬ ಉಚಿತ ತಂತ್ರಾಂಶವೋ ಪಿಸಿ ಆಟಗಳನ್ನು ಮಾರುವ ಸ್ಟೀಮ್ ತಂತ್ರಾಂಶದೊಳಗಿನ ‘ಸ್ಟೀಮ್ ಇನ್‌ಪುಟ್’ ಸೌಲಭ್ಯವೋ ಅದಕ್ಕೆ ಎಕ್ಸ್‌ಬಾಕ್ಸ್ ವೇಷ ತೊಡಿಸಬಲ್ಲವು. ತಾಳ್ಮೆ ಇರುವವರು ಆ ದಾರಿ ಹಿಡಿಯಲಿ. ಇಲ್ಲದವರು ಪೆಟ್ಟಿಗೆಯ ಮೇಲೆ ಎಕ್ಸ್‌ಇನ್‌ಪುಟ್ ಎಂದು ಬರೆದಿರುವುದನ್ನೇ ಕೊಳ್ಳಲಿ. ರೆಡ್‌ಗಿಯರ್, ಕಾಸ್ಮಿಕ್ ಬೈಟ್, ಆಂಟ್ ಇಸ್ಪೋರ್ಟ್ಸ್, ಇವೋಫಾಕ್ಸ್ ಹೆಸರಿನಲ್ಲಿ ಇಲ್ಲಿ ಮಾರಾಟವಾಗುವ ಹಲವು ಕಂಟ್ರೋಲರ್‌ಗಳಲ್ಲಿ ಎರಡೂ ಇರುತ್ತವೆ, ನಡುವಿನ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಹೊರಳುತ್ತವೆ.

ಕ್ರಿಕೆಟ್ ಆಡುವವರಿಗೆ ಕೀಬೋರ್ಡಿಗೂ ಕಂಟ್ರೋಲರಿಗೂ ಇರುವ ಅಂತರ ಬೇಗ ಕಾಣುತ್ತದೆ. 2014ರಲ್ಲಿ ಬಂದ ಡಾನ್ ಬ್ರಾಡ್ಮನ್ ಕ್ರಿಕೆಟ್ 14 ಎಡ ಸ್ಟಿಕ್ಕಿಗೆ ಕಾಲನ್ನೂ ಬಲ ಸ್ಟಿಕ್ಕಿಗೆ ಬ್ಯಾಟನ್ನೂ ಒಪ್ಪಿಸಿತು. ಮುಂದೆ ಕಾಲಿಟ್ಟು ಕವರ್ಸ್ ಕಡೆಗೆ ಡ್ರೈವ್ ಮಾಡುವುದೋ ಹಿಂದೆ ಸರಿದು ಕಟ್ ಹೊಡೆಯುವುದೋ ಎರಡೂ ಹೆಬ್ಬೆರಳುಗಳ ಹೊಂದಾಣಿಕೆಯ ಮಾತಾಯಿತು. ಕೀಬೋರ್ಡಿನ ಬಾಣಗಳಲ್ಲಿ ಎಂಟು ದಿಕ್ಕು ಮಾತ್ರ ಸಿಗುತ್ತವೆ. ಸ್ಟಿಕ್ಕಿನಲ್ಲಾದರೆ ಇಬ್ಬರು ಫೀಲ್ಡರ್‌ಗಳ ನಡುವಿನ ಸಂದೂ ಸಿಗುತ್ತದೆ. ಫುಟ್‌ಬಾಲ್, ಕಾರು ರೇಸುಗಳಿಗೂ ಇದೇ ಮಾತು. ಗುರಿಯಿಟ್ಟು ಸುಡುವ ಆಟಗಳಿಗೆ ಮಾತ್ರ ಕಂಪ್ಯೂಟರಿನಲ್ಲಿ ಮೌಸ್ ಮುಂದೆ ಕಂಟ್ರೋಲರ್ ಸಪ್ಪೆ. ಅಂಥ ಆಟವೇ ಮುಖ್ಯವಾದರೆ ಒಂದು ಒಳ್ಳೆಯ ಮೌಸ್ ಸಾಕು.

ಟಿವಿ ಮತ್ತು ಕನ್ಸೋಲು

ತೊಂಬತ್ತರ ದಶಕದಲ್ಲಿ ಜಾತ್ರೆಯಲ್ಲೋ ಪೇಟೆಯಲ್ಲೋ ಕೊಂಡು ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮುಗಳು ಬಹುತೇಕ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಅವುಗಳ ಎಡಗಡೆಗೆ ಕೂತಿದ್ದ ಕೂಡು ಗುರುತಿನ ಬಟನ್ನು ಗುನ್‌ಪೇ ಯೊಕೊಯಿ ಎಂಬ ನಿಂಟೆಂಡೊ ಎಂಜಿನಿಯರ್ 1982ರ ಡಾಂಕಿ ಕಾಂಗ್ ಕೈಯಾಟಿಕೆಗೆ ಮಾಡಿದ್ದು. ಇವತ್ತಿನ ಕಂಟ್ರೋಲರ್‌ಗಳಲ್ಲೂ ಅದು ಹಾಗೇ ಇದೆ. ಟೆಕ್ಕನ್‌ನಂಥ ಹೊಡೆದಾಟದ ಆಟ ಇಷ್ಟವಾದರೆ ಕೊಳ್ಳುವ ಮುಂಚೆ ಈ ಬಟನ್ನನ್ನೇ ಚೆನ್ನಾಗಿ ಒತ್ತಿ ನೋಡಬೇಕು.

ಕನ್ಸೋಲುಗಳಲ್ಲಿ ಜಾತಿ ಕಟ್ಟುಪಾಡು ಬಲು ಬಿಗಿ. ಪಿಎಸ್5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಪಿಎಸ್4ಗೆ ನೇರವಾಗಿ ಹೊಂದುವುದಿಲ್ಲ. ಪಿಎಸ್4ರ ಡ್ಯುಯಲ್‌ಶಾಕ್ 4 ಹಿಡಿದು ಪಿಎಸ್5ರಲ್ಲಿ ಪಿಎಸ್4ರ ಆಟ ಆಡಬಹುದು, ಪಿಎಸ್5ರದ್ದು ಆಗದು. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಯಂತ್ರಗಳು ಒಂದರ ಕಂಟ್ರೋಲರನ್ನು ಇನ್ನೊಂದು ಒಪ್ಪಿಕೊಳ್ಳುತ್ತವೆ. ಆದರೆ ಪರವಾನಗಿ ಇಲ್ಲದ ಬೇರೆ ಕಂಪನಿಗಳ ಕಂಟ್ರೋಲರುಗಳನ್ನು ಮೈಕ್ರೋಸಾಫ್ಟ್ 2023ರ ನವೆಂಬರ್‌ನಿಂದ ತಡೆಯುತ್ತಿದೆ. ಮೇಲೆ ಹೆಸರಿಸಿದ ಅಗ್ಗದ ಬ್ರ್ಯಾಂಡುಗಳು ಪಿಸಿ, ಫೋನಿಗೆ ಸರಿ, ಈ ಕನ್ಸೋಲುಗಳಿಗೆ ಅಲ್ಲ.

ಹಳೆಯ ಪಿಎಸ್4 ಕೈಗೆ ಬಂದಿದ್ದರೆ ಇನ್ನೊಂದು ಎಚ್ಚರಿಕೆ: ಡ್ಯುಯಲ್‌ಶಾಕ್ 4ರ ನಕಲುಗಳು ಮಾರುಕಟ್ಟೆ ತುಂಬ ಇವೆ. ಅಸಲಿಯ ಅರ್ಧ ಬೆಲೆಗೆ ‘ಒರಿಜಿನಲ್’ ಎಂದು ಕೊಡಲು ಬಂದರೆ ಅದು ನಕಲೇ. ಕೆಲವು ನಕಲುಗಳು ಪರವಾಗಿಲ್ಲ ಎನ್ನುವಷ್ಟು ಚೆನ್ನಾಗಿರುತ್ತವೆ, ಆದರೆ ನಕಲಿನ ಬೆಲೆಗೆ ಕೊಂಡಾಗ ಮಾತ್ರ.

ಟಿವಿಯ ಬಗ್ಗೆ ಒಂದು ಮಾತು. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡವಾದರೆ ಎಲ್ಲರೂ ಕಂಟ್ರೋಲರನ್ನೇ ಬೈಯುತ್ತಾರೆ. ಚಿತ್ರವನ್ನು ಚಂದಗಾಣಿಸಲು ಟಿವಿ ಮಾಡುವ ಸಂಸ್ಕರಣೆಯೇ ಬಹಳ ಸಲ ಕಾರಣ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿ ನೋಡಿ. ಖರ್ಚಿಲ್ಲದ ಔಷಧಿ.

ಸ್ಟಿಕ್ಕಿನ ಹೊಟ್ಟೆಯೊಳಗೆ

ಕೈ ಬಿಟ್ಟರೂ ಆಟಗಾರ ತಾನಾಗಿ ಒಂದು ಕಡೆಗೆ ನಡೆಯುತ್ತ ಹೋಗುವುದು ಕಂಟ್ರೋಲರ್‌ಗಳನ್ನು ಕಾಡುವ ದೊಡ್ಡ ಕಾಯಿಲೆ. ಇದಕ್ಕೆ ಸ್ಟಿಕ್ ಡ್ರಿಫ್ಟ್ ಎನ್ನುತ್ತಾರೆ.

ಸಾಮಾನ್ಯ ಸ್ಟಿಕ್ಕಿನ ಬುಡದಲ್ಲಿ ಎರಡು ಪುಟ್ಟ ಪೊಟೆನ್ಶಿಯೋಮೀಟರ್ ಇರುತ್ತವೆ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯೊಳಗೆ ಇರುವಂಥವೇ. ಒಂದು ಎಡ–ಬಲ ಅಳೆಯುತ್ತದೆ, ಇನ್ನೊಂದು ಮೇಲೆ–ಕೆಳಗೆ. ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜುತ್ತ ಓಡಾಡುವ ಲೋಹದ ನಾಲಿಗೆ. ನಾಲಿಗೆ ನಡುವೆ ನಿಂತಾಗ ಬರುವ ವೋಲ್ಟೇಜನ್ನು ‘ಸುಮ್ಮನಿದ್ದಾನೆ’ ಎಂದು ಯಂತ್ರ ಓದುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆದರೆ, ಇಲ್ಲವೇ ನಡುವೆ ದೂಳು ಕೂತರೆ, ನಡುವೆಂಬುದು ಪಕ್ಕಕ್ಕೆ ಸರಿಯುತ್ತದೆ.

ದೂಳಿನ ಮಾತು ನಮ್ಮ ಕಡೆಗೆ ಸುಮ್ಮನೆ ಹೇಳಿದ್ದಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಇಳಿಸಿ ಸುಲಿಯುವ ದಿನಗಳಲ್ಲಿ ನಾರಿನ ಪುಡಿ ಮನೆಯೊಳಗೆಲ್ಲ ಹಾರಾಡುತ್ತದೆ, ಟಿವಿ ಸ್ಟ್ಯಾಂಡಿನ ಮೇಲೂ ಬಂದು ಕೂರುತ್ತದೆ. ಸ್ಟಿಕ್ಕಿನ ಸುತ್ತ ತೆರೆದೇ ಇರುವ ಸಂದು ಅದಕ್ಕೆ ಸಲೀಸು ದಾರಿ. ಆಟ ಮುಗಿದ ಮೇಲೆ ಕಂಟ್ರೋಲರನ್ನು ಮುಚ್ಚಳದ ಡಬ್ಬಿಯಲ್ಲೋ ಬಟ್ಟೆಚೀಲದಲ್ಲೋ ಇಟ್ಟರೆ ಅರ್ಧ ಕಾಯಿಲೆ ತಪ್ಪುತ್ತದೆ. ಬಟನ್ ಬಿಗಿಯಾಯಿತೆಂದು ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡುವ ಕೆಲಸವನ್ನಂತೂ ಯಾರೂ ಮಾಡಬಾರದು. ಬಾಗಿಲ ಕೀಲಿಗೆ ಒಗ್ಗುವ ಆ ಮದ್ದು ಇಲ್ಲಿ ದೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತೊಟ್ಟಿಕ್ಕಿದ ಹತ್ತಿಕಡ್ಡಿ ಸಾಕು. ಎಣ್ಣೆಗೈ ತಾಗಿದರೆ ಹಿಡಿಯ ರಬ್ಬರ್ ಜಿಡ್ಡುಗಟ್ಟಿ ಅಂಟತೊಡಗುವುದರಿಂದ ಕೊಬ್ಬರಿ ಕೆಲಸದಿಂದ ಎದ್ದು ಬಂದವರು ಕೈ ತೊಳೆದು ಆಡುವುದು ಮೇಲು.

ಇನ್ನೊಂದು ಬಗೆಯ ಸ್ಟಿಕ್ಕಿನಲ್ಲಿ ಉಜ್ಜಾಟವೇ ಇಲ್ಲ. ಅಮೆರಿಕದ ಭೌತವಿಜ್ಞಾನಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮದ ಮೇಲೆ ನಡೆಯುವ ಇದರಲ್ಲಿ ಸ್ಟಿಕ್ಕಿನ ಜೊತೆ ಪುಟ್ಟ ಅಯಸ್ಕಾಂತ ಕದಲುತ್ತದೆ, ಅದರ ಕ್ಷೇತ್ರ ಎಷ್ಟು ಬದಲಾಯಿತೆಂದು ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್‌ನಲ್ಲೇ ಇದನ್ನು ಬಳಸಿತ್ತು. ನಡುವೆ ಮರೆತಂತಿದ್ದ ಈ ವಿದ್ಯೆ ಈಗ ₹2,000ದ ಆಸುಪಾಸಿನ ಕಂಟ್ರೋಲರುಗಳಿಗೂ ಬಂದಿದೆ. ಪೆಟ್ಟಿಗೆಯ ಮೇಲೆ ‘ಹಾಲ್ ಎಫೆಕ್ಟ್’ ಎಂದೋ, ಅದೇ ಕುಲದ ಇನ್ನೂ ಹೊಸ ‘ಟಿಎಂಆರ್’ ಎಂದೋ ಬರೆದಿರುತ್ತದೆ. ಟ್ರಿಗರಿಗೆ ಮಾತ್ರ ಹಾಲ್ ಹಾಕಿ ದೊಡ್ಡದಾಗಿ ಅಚ್ಚು ಹಾಕುವವರೂ ಇದ್ದಾರೆ, ಸ್ಟಿಕ್ಕಿಗೂ ಇದೆಯೇ ಎಂದು ನೋಡಿ. ವಿಚಿತ್ರವೆಂದರೆ, ₹6,000 ಬೆಲೆಯ ಡ್ಯುಯಲ್‌ಸೆನ್ಸ್‌ನಲ್ಲೂ ಎಕ್ಸ್‌ಬಾಕ್ಸ್‌ನ ಮಾಮೂಲಿ ಕಂಟ್ರೋಲರಿನಲ್ಲೂ ಇರುವುದು ಉಜ್ಜುವ ಹಳೆಯ ಬಗೆಯೇ. ನಮ್ಮ ಸೀಮೆಯ ದೂಳಿಗೆ ನನ್ನ ಆಯ್ಕೆ ಅಯಸ್ಕಾಂತದ್ದು.

ತಂತಿ, ಬ್ಲೂಟೂತ್, ಡಾಂಗಲ್

ತಂತಿಯದ್ದು ಅಗ್ಗ, ಚಾರ್ಜಿನ ತಲೆನೋವಿಲ್ಲ, ತಡವೂ ಕಡಿಮೆ. ತೊಡಕೆಂದರೆ ತಂತಿಯ ಉದ್ದ: ನಡುಮನೆಯ ಟಿವಿಗೂ ಎದುರಿನ ಸೋಫಾಕ್ಕೂ ನಡುವೆ ಮನೆಮಂದಿ ಓಡಾಡುತ್ತಾರೆ. ಯಾರದ್ದೋ ಕಾಲಿಗೆ ಸಿಕ್ಕಿ ಲ್ಯಾಪ್‌ಟಾಪ್ ನೆಲಕ್ಕೆ ಬಿದ್ದರೆ ಉಳಿಸಿದ ಸಾವಿರದ ಇಪ್ಪತ್ತರಷ್ಟು ಹೋದಂತೆ.

ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್‌ನವು ಸಾಮಾನ್ಯವಾಗಿ ಬ್ಲೂಟೂತಿಗಿಂತ ಚುರುಕು. ಸೆಕೆಂಡಿಗೆ 125 ಬಾರಿ ಸುದ್ದಿ ಕೊಡುವ ಕಂಟ್ರೋಲರಿನಲ್ಲಿ ಎರಡು ಸುದ್ದಿಗಳ ನಡುವೆ 8 ಮಿಲಿಸೆಕೆಂಡ್, 1,000 ಬಾರಿ ಕೊಡುವುದರಲ್ಲಿ 1 ಮಿಲಿಸೆಕೆಂಡ್. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಒಂದೊಂದು ಚಿತ್ರವೂ 16.7 ಮಿಲಿಸೆಕೆಂಡ್ ನಿಲ್ಲುತ್ತದೆ. ಹಾಗಾಗಿ ಪಂದ್ಯಾವಳಿಗೆ ಹೋಗುವವರನ್ನು ಬಿಟ್ಟರೆ ಮಿಕ್ಕವರು ಈ ಅಂಕಿಗಾಗಿ ಹೆಚ್ಚಿನ ದುಡ್ಡು ಕೊಡಬೇಕಿಲ್ಲ. ಡಾಂಗಲನ್ನು ಯುಎಸ್‌ಬಿ 3 ಹಾರ್ಡ್‌ಡಿಸ್ಕಿನ ಪಕ್ಕದ ಕಿಂಡಿಗೆ ಹಾಕಬೇಡಿ. ಯುಎಸ್‌ಬಿ 3ರ ಗದ್ದಲ ಇದೇ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಬರುತ್ತದೆ.

ಕರೆಂಟು ಹೋಗಿಬರುವ ಊರಿನಲ್ಲಿ ಬ್ಯಾಟರಿಯ ಬಗೆಯನ್ನೂ ನೋಡಬೇಕು. ಎಕ್ಸ್‌ಬಾಕ್ಸ್ ಕಂಟ್ರೋಲರ್ ಎರಡು ಎಎ ಸೆಲ್ಲಿನಲ್ಲಿ ನಡೆಯುತ್ತದೆ, 40 ಗಂಟೆವರೆಗೆ ಬಾಳುತ್ತದೆಂದು ಕಂಪನಿ ಹೇಳುತ್ತದೆ. ಸೆಲ್ಲು ಮುಗಿದರೆ ಹಳ್ಳಿಯ ಚಿಲ್ಲರೆ ಅಂಗಡಿಯಲ್ಲೇ ಸಿಗುತ್ತದೆ. ಡ್ಯುಯಲ್‌ಸೆನ್ಸ್‌ನ ಬ್ಯಾಟರಿ ಒಳಗೇ ಕೂತಿದೆ, ಮುಗಿದರೆ ಚಾರ್ಜ್ ಮಾಡಲೇಬೇಕು. ಅಗ್ಗದ ಟೈಪ್–ಸಿ ಕಂಟ್ರೋಲರ್ ಹೊಸ ಫೋನಿನ ಸಿ–ಇಂದ–ಸಿ ಕೇಬಲಿನಲ್ಲಿ ಚಾರ್ಜ್ ಆಗದೇ ಇದ್ದರೆ ಗಾಬರಿ ಬೇಡ. ಒಳಗೆ ಹಾಕಬೇಕಾದ ಚಿಲ್ಲರೆ ರೆಸಿಸ್ಟರನ್ನು ತಯಾರಕರು ಉಳಿಸಿರುತ್ತಾರೆ. ಒಂದು ತುದಿ ಚಪ್ಪಟೆ ಯುಎಸ್‌ಬಿ ಇರುವ ಹಳೆಯ ಕೇಬಲ್ ಹಾಕಿದರೆ ಆಗುತ್ತದೆ.

ಬಜೆಟ್ಟು, ಕೊಬ್ಬರಿ ಲೆಕ್ಕದಲ್ಲಿ

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ₹12,100. ಆ ವರ್ಷ ತಿಪಟೂರು ಮಾರುಕಟ್ಟೆಯ ದರ ಇದಕ್ಕಿಂತ ಬಹಳ ಮೇಲೆ ಹೋಗಿತ್ತಾದರೂ ಮನೆಯ ಯಜಮಾನರ ಮುಂದೆ ಲೆಕ್ಕ ಇಡಲು ಬೆಂಬಲ ಬೆಲೆಯೇ ಭದ್ರ.

ಮೂರು ಕೆಜಿ ಕೊಬ್ಬರಿಗೆ ಮೇಲೆ ಹೇಳಿದ ಹಳೆಯ ಬಗೆಯ ಪ್ಯಾಡು ಬರುತ್ತದೆ. ಪುಟ್ಟ ಮಕ್ಕಳಿಗೆ, ಹಳೆಯ ಆಟಗಳಿಗೆ ಸರಿ, ಬೇರೆಯದಕ್ಕೆ ಬೇಡ. ಹತ್ತು ಕೆಜಿಗೆ ಎಕ್ಸ್‌ಇನ್‌ಪುಟ್ ಇರುವ ತಂತಿಯ ಕಂಟ್ರೋಲರ್. ಲ್ಯಾಪ್‌ಟಾಪಿನಲ್ಲಿ ಆಡುವ ವಿದ್ಯಾರ್ಥಿಗೆ ಇಲ್ಲಿಂದ ಶುರು ಮಾಡುವುದು ಲೇಸು. ಇಪ್ಪತ್ತು ಕೆಜಿಯ ಹತ್ತಿರ ಹಾಲ್ ಸ್ಟಿಕ್ಕು, ಡಾಂಗಲು, ಬ್ಲೂಟೂತು ಮೂರೂ ಇರುವವು ಸಿಗುತ್ತವೆ. ಫೋನು, ಲ್ಯಾಪ್‌ಟಾಪು, ಆಂಡ್ರಾಯ್ಡ್ ಟಿವಿ ಮೂರಕ್ಕೂ ಒಂದೇ ಕಂಟ್ರೋಲರ್ ಬೇಕೆನ್ನುವ ಮನೆಗೆ ಇದಕ್ಕಿಂತ ಮೇಲೆ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ. ಡ್ಯುಯಲ್‌ಸೆನ್ಸಿಗೆ ಸುಮಾರು ಅರ್ಧ ಕ್ವಿಂಟಲ್. ಅದರ ಬಿಗಿಯಾಗುವ ಟ್ರಿಗರು, ಅಂಗೈಯಲ್ಲಿ ಮಳೆಹನಿ ಬಿದ್ದಂತೆ ತೋರುವ ಸೂಕ್ಷ್ಮ ನಡುಕ ಪಿಎಸ್5ರಲ್ಲಿ ನಿಜವಾಗಿ ಚಂದ. ಪಿಸಿಯಲ್ಲಿ ಆ ಸೊಗಸು ಕೆಲವೇ ಆಟಗಳಲ್ಲಿ, ಅದೂ ಹೆಚ್ಚಾಗಿ ತಂತಿ ಹಾಕಿದಾಗ. ₹18,000 ದಾಟುವ ಡ್ಯುಯಲ್‌ಸೆನ್ಸ್ ಎಡ್ಜ್‌ನಂಥವು ಪಂದ್ಯವಾಡುವವರ ಸಾಮಾನು.

ಒಂದೇ ಕೈಯಲ್ಲಿ ಆಡುವವರಿಗೆ

ತೆಂಗಿನ ಮರದಿಂದ ಬಿದ್ದು ಕೈಯ ಸ್ವಾಧೀನ ಕಳೆದುಕೊಂಡವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಆಟ ಮುಗಿದ ಮಾತಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು: ತಟ್ಟೆಯಗಲದ ಎರಡು ಬಟನ್, ಹಿಂದೆ 19 ಸಣ್ಣ ಕಿಂಡಿಗಳು. ಮೊಣಕೈಯಲ್ಲಿ, ಕಾಲಲ್ಲಿ, ಗಲ್ಲದಲ್ಲಿ ಒತ್ತುವ ಸ್ವಿಚ್ಚುಗಳನ್ನು ಆ ಕಿಂಡಿಗಳಿಗೆ ಜೋಡಿಸಬಹುದು. ಪಿಎಸ್5ಗೆ ಸೋನಿ 2023ರ ಡಿಸೆಂಬರಿನಲ್ಲಿ ಆ್ಯಕ್ಸೆಸ್ ಎಂಬ ದುಂಡನೆಯ ಕಂಟ್ರೋಲರ್ ತಂದಿತು. ಎರಡೂ ದುಬಾರಿ. ಖರ್ಚಿಲ್ಲದ ದಾರಿಗಳೂ ಇವೆ. ಸ್ಟೀಮ್‌ನಲ್ಲಿ ಯಾವ ಬಟನ್ನಿನ ಕೆಲಸವನ್ನು ಯಾವುದಕ್ಕೆ ಬೇಕಾದರೂ ವರ್ಗಾಯಿಸಬಹುದು. ಎಕ್ಸ್‌ಬಾಕ್ಸ್ ಕನ್ಸೋಲಿನಲ್ಲಿ ಎರಡು ಕಂಟ್ರೋಲರ್ ಸೇರಿಸಿ ಒಂದರಂತೆ ಆಡಿಸುವ ಸೌಲಭ್ಯವಿದೆ: ಅಪ್ಪ ಒಂದು ಕೈಯಲ್ಲಿ ಓಡಿಸಿದರೆ ಮಗ ಇನ್ನೊಂದರಲ್ಲಿ ಬ್ರೇಕ್ ಹಾಕಬಹುದು.

ಕೊಂಡ ದಿನವೇ ಮಾಡಬೇಕಾದ ಪರೀಕ್ಷೆ

ಪೇಟೆಯ ಅಂಗಡಿಯಲ್ಲಿ ಕೊಂಡರೆ ಎದುರಿಗೇ ಚುಚ್ಚಿ ನೋಡಬಹುದು, ಹಿಂತಿರುಗಿಸಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು, ಚೌಕಾಸಿಗೂ ಜಾಗ ಉಂಟು. ಆದರೆ ಕೆಟ್ಟರೆ ಮತ್ತೆ ಅಷ್ಟು ದೂರ ರೈಲು ಹತ್ತಬೇಕು. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ, ಬದಲಿಸಿ ಕೊಡುವ ಗಡುವು ಕೆಲವೇ ದಿನ ಇರುತ್ತದೆ.

ವಿಂಡೋಸ್ ಲ್ಯಾಪ್‌ಟಾಪಿಗೆ ಕಂಟ್ರೋಲರ್ ಚುಚ್ಚಿ, ವಿಂಡೋಸ್ ಕೀಲಿಯನ್ನೂ ‘ಆರ್’ ಅನ್ನೂ ಒಟ್ಟಿಗೆ ಒತ್ತಿ. ಬಂದ ಚೌಕದಲ್ಲಿ ಇಂಗ್ಲಿಷಿನಲ್ಲಿ ಜೆ–ಒ–ವೈ, ಚುಕ್ಕಿ, ಸಿ–ಪಿ–ಎಲ್ ಎಂದು ಹೊಡೆದು ಎಂಟರ್ ಒತ್ತಿ. ಕಂಟ್ರೋಲರಿನ ಹೆಸರು ಆರಿಸಿ ‘ಪ್ರಾಪರ್ಟೀಸ್’ ತೆರೆದರೆ ಚೌಕದ ನಡುವೆ ಕೂಡು ಗುರುತು ಕಾಣುತ್ತದೆ. ಸ್ಟಿಕ್ಕನ್ನು ಅಂಚಿನುದ್ದಕ್ಕೂ ನಿಧಾನವಾಗಿ ಸುತ್ತಿಸಿ, ಕೈಬಿಡಿ. ಗುರುತು ನಡುವಿಗೆ ಬಂದು ಅಲುಗದೆ ನಿಲ್ಲಬೇಕು. ನಾಲ್ಕೂ ದಿಕ್ಕಿಗೆ ತಳ್ಳಿ ಚಟ್ಟನೆ ಬಿಟ್ಟು ಮತ್ತೆ ನೋಡಿ. ಟ್ರಿಗರನ್ನು ಮೆಲ್ಲಗೆ ಒತ್ತಿದಾಗ ಅಳತೆ ಹಂತಹಂತವಾಗಿ ಏರಬೇಕು. ಒಮ್ಮೆಗೇ ತುದಿಗೆ ಹಾರಿದರೆ ಅದು ಟ್ರಿಗರಲ್ಲ, ಬರೀ ಬಟನ್ನು. ಕಾರು ರೇಸಿಗೆ ಆಗದು. ಗುರುತು ಒಂದಿಷ್ಟು ಪಕ್ಕಕ್ಕೆ ಸರಿದು ನಿಂತಿದ್ದರೂ ಅಂದೇ ವಾಪಸ್ಸು ಕೊಡಿ. ‘ಆಡ್ತಾ ಆಡ್ತಾ ಸರಿಹೋಗುತ್ತೆ’ ಎನ್ನುವ ಮಾತು ಕೇಳಬೇಡಿ, ಡ್ರಿಫ್ಟ್ ಆಡುತ್ತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಿಲ್ಲಿನಲ್ಲಿ ಮಾದರಿಯ ಹೆಸರು, ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ವಾರಂಟಿ ಇದ್ದೂ ಮಾರಿದವರು ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆ ಬಿಲ್ಲು ಇಲ್ಲದೆ ಅಲ್ಲಿಯೂ ನಿಮ್ಮ ಮಾತು ನಿಲ್ಲುವುದು ಕಷ್ಟ.